ಉದ್ಯಾನದ ಮರ, ಕ್ಯಾಮೆರಾದ ಕಣ್ಣು

(ಧಾರವಾಡದ ಮಾಳಮಡ್ಡಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪರಿಸರಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಉದ್ಯಾನದ ಮರಗಳನ್ನು ಹೊಸ ಹೊಸ ಬಗೆಯಲ್ಲಿ ಛಾಯಾಚಿತ್ರಿಸುವ ಪ್ರಯೋಗಗಳ ಕುರಿತು ಮಾತನಾಡಬೇಕೆಂದು ನೀವು ಕೇಳಿಕೊಂಡಿದ್ದೀರಿ. ಕೃಷಿವಿಜ್ಞಾನಕ್ಕೂ ಕ್ಯಾಮೆರಾಕ್ಕೂ ಏನು ನಂಟು ಎಂದು ಕೆಲವರಿಗಾದರೂ ಅನ್ನಿಸಿರಬಹುದು. ನಮ್ಮ ವೃತ್ತಿಯಲ್ಲಿ ಎಲೆಯನ್ನು ನೋಡುವುದೇ ಅರ್ಧ ಕೆಲಸ. ಎಲೆಯಂಚು ಒಣಗಿದೆಯೋ, ನರಗಳ ನಡುವೆ ಹಳದಿಯಾಗಿದೆಯೋ, ಚಿಗುರು ಮುರುಟಿದೆಯೋ ಎಂಬುದನ್ನು ಕಣ್ಣು ಹಿಡಿಯದಿದ್ದರೆ ಪ್ರಯೋಗಾಲಯದ ಯಂತ್ರಗಳು ಹೆಚ್ಚೇನೂ ಹೇಳಲಾರವು. ಆದ್ದರಿಂದ ಇಂದಿನ ಮಾತು ನೋಟದ ಕುರಿತದ್ದು. ಚಂದದ ಚಿತ್ರ ಅದರ ಜೊತೆಗೆ ಬಂದರೆ ಬರಲಿ.

ಮೊದಲು ಈ ನೆಲದ ಕುರಿತು ಎರಡು ಮಾತು. ಮಾಳವೆಂದರೆ ಬಯಲು, ಮಡ್ಡಿಯೆಂದರೆ ಗಟ್ಟಿನೆಲದ ದಿಬ್ಬ. ಊರಿನ ಹೆಸರಿನಲ್ಲಿಯೇ ಮಣ್ಣಿನ ವಿವರಣೆಯಿದೆ. ಕೃಷಿ ಹವಾಮಾನದ ಲೆಕ್ಕದಲ್ಲಿ ಧಾರವಾಡ ಉತ್ತರದ ಪರಿವರ್ತನಾ ವಲಯಕ್ಕೆ ಸೇರುತ್ತದೆ. ಇಲ್ಲಿಂದ ಪಶ್ಚಿಮಕ್ಕೆ ಹಳಿಯಾಳದ ದಾರಿ ಹಿಡಿದರೆ ತೇಗ, ಮತ್ತಿ, ಹೊನ್ನೆಗಳ ಕಾಡು ಎದುರಾಗುತ್ತದೆ. ಪೂರ್ವಕ್ಕೆ ನವಲಗುಂದದ ದಾರಿ ಹಿಡಿದರೆ ಎರೆಭೂಮಿ, ಬೇವು, ಜಾಲಿ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿ.ಮೀ. ಸುತ್ತಮುತ್ತ ಸುರಿಯುವ ಮಳೆ ಇಲ್ಲಿಗೆ ತಲಪುವಷ್ಟರಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಳಿದಿರುತ್ತದೆ. ಹೀಗಾಗಿ ಇಲ್ಲಿಯ ಯಾವ ಉದ್ಯಾನಕ್ಕೆ ಹೋದರೂ ಎರಡೂ ಸೀಮೆಯ ಮರಗಳು ಅಕ್ಕಪಕ್ಕ ನಿಂತಿರುತ್ತವೆ. ಅವುಗಳ ನಡುವೆ ದೂರದೇಶದ ಅತಿಥಿಗಳೂ ಇದ್ದಾರೆ: ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮಳೆಮರ, ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಾಂಡ. ನಮ್ಮದೇ ಎಂದು ನಾವು ನಂಬಿರುವ ಹುಣಸೆಯ ಮೂಲವೂ ಆಫ್ರಿಕ. ಉದ್ಯಾನವೆಂಬುದು ಮರಗಳ ಸಂತೆ. ಸಂತೆಗೆ ಹೋದವರು ಒಂದೇ ಅಂಗಡಿಯ ಮುಂದೆ ನಿಂತು ಮರಳಿದಂತೆ ನಾವು ಹೂಬಿಟ್ಟ ಗುಲ್‌ಮೊಹರನ್ನಷ್ಟೇ ಚಿತ್ರಿಸಿ ಮರಳುತ್ತೇವೆ. ಸಂಜೆ ಐದರ ಹೊಂಬಿಸಿಲು, ಪೂರ್ತಿ ಮರ, ಕೆಳಗೊಂದು ಕಲ್ಲಿನ ಆಸನ. ಇಂಥ ಚಿತ್ರ ಎಲ್ಲರ ಬಳಿಯೂ ಇದೆ. ಮರದ ವಿಷಯವಾಗಿ ಅದು ಹೇಳುವುದು ಅತಿ ಕಡಿಮೆ.

ಛಾಯಾಗ್ರಹಣಕ್ಕೂ ಸಸ್ಯಗಳಿಗೂ ಇರುವ ಸಂಬಂಧ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಆರಂಭದ ಪ್ರಯೋಗಗಳಲ್ಲಿ ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಎಲೆಗಳನ್ನಿಟ್ಟು ಬಿಸಿಲಿಗೊಡ್ಡಿದ್ದ. 1842ರಲ್ಲಿ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನವನ್ನು ಕಂಡುಹಿಡಿದ. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಾಸಕ್ತ ಮಹಿಳೆ ಅದೇ ವಿಧಾನದಿಂದ ಸಮುದ್ರದ ಪಾಚಿಗಳ ಚಿತ್ರಸಂಪುಟವನ್ನು ಹೊರತರತೊಡಗಿದಳು. ಛಾಯಾಚಿತ್ರಗಳಿದ್ದ ಮೊದಲ ಪುಸ್ತಕವೆಂದು ಅದನ್ನು ಪರಿಗಣಿಸುತ್ತಾರೆ. ಅದರಲ್ಲಿ ಕ್ಯಾಮೆರಾದ ಬಳಕೆಯೇ ಇರಲಿಲ್ಲ. ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಇದ್ದರೆ, ಅಧ್ಯಾಪಕರ ಎದುರಿನಲ್ಲಿ, ನೀವೂ ಮಾಡಬಹುದು. ಎರಡರ ದ್ರಾವಣಗಳನ್ನು ಬೆರೆಸಿ ಮಬ್ಬುಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿ, ಮೇಲೆ ಎಲೆಯಿಟ್ಟು ಗಾಜಿನಿಂದ ಒತ್ತಿ, ಬಿಸಿಲಿಗಿಟ್ಟು, ನೀರಿನಲ್ಲಿ ತೊಳೆದರೆ ಮುಗಿಯಿತು. ಅತ್ತಿ, ಅರಳಿ, ಹೊಂಗೆ, ಬೇವುಗಳ ಎಲೆಗಳನ್ನು ಹೀಗೆ ಒಂದೇ ಹಾಳೆಯಲ್ಲಿ ಮೂಡಿಸಿದರೆ ಗೋಡೆಗೆ ಹಾಕುವ ಚಿತ್ರವೂ ಆಯಿತು, ಎಲೆಗಳ ಆಕಾರ ಕಲಿಸುವ ಪಾಠವೂ ಆಯಿತು. ಆಮ್ಲದ ಸೀಸೆಯನ್ನು ಮಾತ್ರ ಅದರ ಹತ್ತಿರ ತರಬೇಡಿ.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು ಎಲೆಯೇ ಫಿಲ್ಮ್ ಆಗುವ ಪ್ರಯೋಗ. ಆಸ್ಟ್ರಿಯದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ 20ನೇ ಶತಮಾನದ ಆರಂಭದಲ್ಲಿ ಇದನ್ನು ಮಾಡಿ ತೋರಿಸಿದ. ಮುಂದೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರ ಸಂಸ್ಥೆಗೂ ಬಂದು ಕೆಲಸ ಮಾಡಿದವನಾತ. ಕುಂಡದ ಗಿಡವೊಂದನ್ನು ಒಂದೆರಡು ದಿನ ಕತ್ತಲೆಯಲ್ಲಿಟ್ಟರೆ ಎಲೆಯಲ್ಲಿರುವ ಪಿಷ್ಟ ಕರಗಿಹೋಗುತ್ತದೆ. ಅನಂತರ ಎಲೆಯ ಮೇಲೊಂದು ಹಳೆಯ ನೆಗೆಟಿವ್ ಅನ್ನು ಅಂಟಿಸಿ ಕೆಲವು ತಾಸು ಬೆಳಕಿಗಿಡಬೇಕು. ನೆಗೆಟಿವಿನ ತಿಳಿಯಾದ ಭಾಗದ ಮೂಲಕ ಬೆಳಕು ಬಿದ್ದಲ್ಲಿ ಎಲೆ ಪಿಷ್ಟ ತಯಾರಿಸುತ್ತದೆ, ಉಳಿದೆಡೆ ಇಲ್ಲ. ಎಲೆಯನ್ನು ಕಿತ್ತು ಬಿಸಿನೀರಿನಲ್ಲದ್ದಿ, ಬೆಚ್ಚಗಿನ ಮದ್ಯಸಾರದಲ್ಲಿ ಹಸಿರು ಬಣ್ಣ ಹೋಗುವವರೆಗೆ ಇಟ್ಟು, ಅಯೋಡಿನ್ ದ್ರಾವಣಕ್ಕೆ ಹಾಕಿದರೆ ನಿಮ್ಮ ಅಜ್ಜಿಯ ಮುಖ ಎಲೆಯ ಮೇಲೆ ಕಪ್ಪುನೀಲಿಯಾಗಿ ಎದ್ದುಬರುತ್ತದೆ! ಮದ್ಯಸಾರದ ಪಾತ್ರೆಯನ್ನು ನೇರವಾಗಿ ಬೆಂಕಿಯ ಮೇಲಿಡದೆ, ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ಎಂಟನೆಯ ತರಗತಿಯ ಮಗುವಿಗೆ ದ್ಯುತಿಸಂಶ್ಲೇಷಣೆಯನ್ನು ಬಾಯಿಪಾಠ ಮಾಡಿಸುವುದರ ಬದಲು ಈ ಒಂದು ಎಲೆಯನ್ನು ಕೈಗೆ ಕೊಟ್ಟರೆ ಸಾಕೆಂದು ನನ್ನ ಅಭಿಪ್ರಾಯ.

ಇನ್ನು ಕ್ಯಾಮೆರಾದ ಮಾತು. ಈಗ ಹಳ್ಳಿಯ ಮನೆಗಳಲ್ಲಿಯೂ ಮೊಬೈಲ್ ಇರುವುದರಿಂದ ಸಲಕರಣೆಯ ಚರ್ಚೆಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಶಟರಿನ ವೇಗವನ್ನು ಕೈಯಿಂದ ಬದಲಿಸುವ ವ್ಯವಸ್ಥೆ ಮತ್ತು ಒಂದು ಮುಕ್ಕಾಲಿ ಇದ್ದರೆ ಸಾಕು. ಮುಕ್ಕಾಲಿ ಇಲ್ಲದಿದ್ದರೆ ಒಂದು ಕಲ್ಲು.

ಬೆಳಕು ಇಳಿಯುವ ಹೊತ್ತಿನಲ್ಲಿ ಒಂದು ಸೆಕೆಂಡಿನಷ್ಟು ಕಾಲ ಶಟರನ್ನು ತೆರೆದಿಟ್ಟು ಅರಳಿಮರದ ಚಿತ್ರ ತೆಗೆಯಿರಿ. ಕಾಂಡ ಕಲ್ಲಿನಂತೆ ಸ್ಥಿರವಾಗಿ, ಎಲೆಗಳು ಹೊಗೆಯಂತೆ ಕಲೆಸಿ ಕಾಣುತ್ತವೆ. ಅದೇ ಕ್ಷಣದಲ್ಲಿ ಪಕ್ಕದ ಹಲಸಿನ ಅಥವಾ ಮಾವಿನ ಚಿತ್ರ ತೆಗೆದರೆ ಎಲೆಗಳು ಬಹುಮಟ್ಟಿಗೆ ಸ್ಪಷ್ಟವಾಗಿಯೇ ಇರುತ್ತವೆ. ಅರಳಿಯ ಎಲೆಗೆ ಉದ್ದವಾದ, ತೆಳುವಾದ ತೊಟ್ಟು. ನಮಗೆ ಗಾಳಿಯೇ ಇಲ್ಲವೆನ್ನಿಸಿದಾಗಲೂ ಅದು ಅಲುಗುತ್ತಿರುತ್ತದೆ. ಕ್ಯಾಮೆರಾವನ್ನೇ ಮೇಲಿನಿಂದ ಕೆಳಕ್ಕೆ ಸರಿಸುತ್ತ ಚಿತ್ರ ತೆಗೆದು ಮರಗಳನ್ನು ಬಣ್ಣದ ಪಟ್ಟಿಗಳನ್ನಾಗಿಸುವ ವಿಧಾನವೂ ಬಹಳ ಜನಪ್ರಿಯವಾಗಿದೆ. ಒಂದೆರಡು ಸಲ ಮಾಡಿ ನೋಡಿ. ಆಮೇಲೆ ಎಲ್ಲ ಮರಗಳೂ ಒಂದೇ ತೆರನಾಗಿ ಕಾಣತೊಡಗುತ್ತವೆ. ಅಷ್ಟಕ್ಕೆ ಅದನ್ನು ಬಿಡಬಹುದು.

ಮಳೆಮರ ಇದಕ್ಕಿಂತ ದೊಡ್ಡ ಆಟ ತೋರಿಸುತ್ತದೆ. ಸಂಜೆ ಐದಕ್ಕೆ ಅದರ ಬುಡದಲ್ಲಿ ನಿಂತು ನೇರ ಮೇಲಕ್ಕೆ ಒಂದು ಚಿತ್ರ ತೆಗೆಯಿರಿ. ನಿಂತ ಜಾಗ ಬಿಡದೆ ಕಾಲು ತಾಸಿಗೊಂದರಂತೆ ಕತ್ತಲಾಗುವವರೆಗೆ ತೆಗೆಯುತ್ತ ಹೋಗಿ. ಮೊದಲ ಚಿತ್ರದಲ್ಲಿ ಹಸಿರು ಚಪ್ಪರ. ಕೊನೆಯದರಲ್ಲಿ ಎಲೆಗಳೆಲ್ಲ ಜೋಡಿಜೋಡಿಯಾಗಿ ಮಡಚಿಕೊಂಡು, ರೆಂಬೆಗಳ ನಡುವೆ ಆಕಾಶ ಜಾಲರಿಯಂತೆ ತೆರೆದುಕೊಂಡಿರುತ್ತದೆ. ಚಾರ್ಲ್ಸ್ ಡಾರ್ವಿನ್ 1880ರಲ್ಲಿ ಸಸ್ಯಗಳ ಚಲನೆಯ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಎಲೆಗಳ ಈ ನಿದ್ದೆಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ತೊಟ್ಟಿನ ಬುಡದಲ್ಲಿರುವ ಉಬ್ಬಿದ ಗೆಣ್ಣಿನ ಜೀವಕೋಶಗಳಲ್ಲಿ ನೀರು ಅತ್ತಿತ್ತ ಸರಿಯುವುದರಿಂದ ಎಲೆ ಮಡಚುತ್ತದೆ, ಬಿಚ್ಚುತ್ತದೆ. ಹುಣಸೆಯೂ ಹೀಗೆಯೇ ಮಾಡುತ್ತದೆ, ಬೇವು ಮಾಡುವುದಿಲ್ಲ. ಮಳೆಮರ ದಟ್ಟ ಮೋಡ ಕವಿದಾಗಲೂ ಮಡಚಿಕೊಳ್ಳುವುದರಿಂದ ಅದರಡಿಯ ಹುಲ್ಲಿಗೆ ಮಳೆನೀರು ಧಾರಾಳವಾಗಿ ಬೀಳುತ್ತದೆ. ಹತ್ತು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟರೆ ಇಡೀ ಮರ ಉಸಿರಾಡಿದಂತೆ ಕಾಣುತ್ತದೆ.

ಮೇಲಕ್ಕೆ ನೋಡುವ ಚಿತ್ರಕ್ಕೆ ವಿಜ್ಞಾನದಲ್ಲಿಯೂ ಬೆಲೆಯಿದೆ. ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಮಸೂರವನ್ನು ರಾಬಿನ್ ಹಿಲ್ 1924ರಲ್ಲಿ ಮೋಡಗಳ ಅಧ್ಯಯನಕ್ಕಾಗಿ ರೂಪಿಸಿದ್ದ. ಕೆಲವು ದಶಕಗಳ ನಂತರ ಅರಣ್ಯವಿಜ್ಞಾನಿಗಳು ಅದನ್ನು ಕಾಡಿನೊಳಗೆ ಒಯ್ದು, ಚಿತ್ರದಲ್ಲಿ ಎಲೆ ಎಷ್ಟು ಪಾಲು, ಆಕಾಶ ಎಷ್ಟು ಪಾಲು ಎಂದೆಣಿಸಿ ಚಾವಣಿಯ ದಟ್ಟಣೆಯನ್ನು ಅಳೆಯತೊಡಗಿದರು. ನಮಗೆ ಅಂಥ ಮಸೂರ ಬೇಕಿಲ್ಲ. ಮೊಬೈಲನ್ನು ಮಟ್ಟಸವಾಗಿ ಹಿಡಿದು, ಒಂದೇ ಗುರುತಿನ ಕಲ್ಲಿನ ಮೇಲಿನಿಂದ ತೆಗೆದ ಚಿತ್ರವನ್ನು ಕಾಗದದಲ್ಲಿ ಮುದ್ರಿಸಿ, ಮೇಲೆ ನೂರು ಚೌಕಗಳ ಗೆರೆಯೆಳೆದು ಆಕಾಶ ಕಾಣುವ ಚೌಕಗಳನ್ನು ಎಣಿಸಿದರಾಯಿತು.

ಈ ಮಾತನ್ನು ನಮ್ಮ ಪತ್ರಿಕೆಯ ಮಲೆನಾಡಿನ ಓದುಗರಿಗಾಗಿ ಸ್ವಲ್ಪ ಬೆಳೆಸುತ್ತೇನೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸಿಕೊಳ್ಳುವ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟ ಬೋಳಾಗುತ್ತಿದೆ ಎಂದು ಅರಣ್ಯ ಇಲಾಖೆ ಹೇಳುತ್ತದೆ. ನಮ್ಮ ಅಜ್ಜಂದಿರ ಕಾಲದಿಂದಲೂ ಹೀಗೇ ಇದೆ ಎಂದು ನಾವು ಹೇಳುತ್ತೇವೆ. ಎರಡೂ ಕಡೆಯವರ ಕೈಯಲ್ಲಿ ಚಿತ್ರವಿಲ್ಲ. ಸೊಪ್ಪು ಕಡಿಯುವ ಮುನ್ನ, ಕಡಿದ ನಂತರ, ಮುಂದಿನ ಮಳೆಗಾಲ ಮುಗಿದ ಮೇಲೆ, ಹೀಗೆ ಬೆಟ್ಟದ ಐದು ಕಲ್ಲುಗಳ ಮೇಲಿನಿಂದ ವರ್ಷಕ್ಕೆ ಮೂರು ಬಾರಿ ಮೇಲಕ್ಕೆ ಚಿತ್ರ ತೆಗೆದಿಟ್ಟರೆ, ಐದು ವರ್ಷಗಳಲ್ಲಿ ಯಾವ ಮರ ಚೇತರಿಸಿಕೊಳ್ಳುತ್ತಿದೆ, ಯಾವುದು ಸೋಲುತ್ತಿದೆ ಎಂಬುದು ಬೆಟ್ಟದ ಒಡೆಯನಿಗೇ ಗೊತ್ತಾಗುತ್ತದೆ. ಮತ್ತಿಗೂ ನೇರಳೆಗೂ ಕತ್ತಿಯ ಪೆಟ್ಟನ್ನು ತಾಳುವ ಶಕ್ತಿ ಒಂದೇ ಸಮನಲ್ಲ. ಚಿತ್ರದ ಸಾಕ್ಷ್ಯ ನಮಗೆ ವಿರುದ್ಧವಾಗಿ ಬಂದೀತೇ? ಬರಲೂಬಹುದು. ಹಾಗೆ ಬಂದರೆ ಸೊಪ್ಪು ಕಡಿಯುವ ಕ್ರಮವನ್ನು ಬದಲಿಸಬೇಕಾದವರು ನಾವೇ.

ಇನ್ನೊಂದು ಸೊಗಸಾದ ವಿಧಾನವಿದೆ. ಮರವೊಂದನ್ನು ಕೇಂದ್ರವಾಗಿಟ್ಟುಕೊಂಡು ಸುತ್ತಲೂ ವೃತ್ತಾಕಾರವಾಗಿ ನಡೆಯುತ್ತ, ಕಾಂಡ ಪ್ರತಿ ಬಾರಿಯೂ ಚೌಕಟ್ಟಿನ ಮಧ್ಯದಲ್ಲೇ ಇರುವಂತೆ ಇಪ್ಪತ್ತು ಇಪ್ಪತ್ತೈದು ಚಿತ್ರ ತೆಗೆದು, ಗಣಕದಲ್ಲಿ ಅವನ್ನು ಒಂದರ ಮೇಲೊಂದು ಪಾರದರ್ಶಕವಾಗಿ ಹೊದಿಸುವುದು. ಅಮೆರಿಕದ ಪೆಪ್ ವೆಂಟೋಸಾ ಎಂಬ ಛಾಯಾಗ್ರಾಹಕ ಇದರಿಂದ ಪ್ರಸಿದ್ಧನಾದ. ಕಾಂಡ ಗಟ್ಟಿಯಾಗಿ ನಿಂತು, ಸುತ್ತಲಿನ ಕಟ್ಟಡ, ತಂತಿ, ಬೇಲಿಗಳೆಲ್ಲ ಮಂಜಿನಂತೆ ಕರಗಿಹೋಗುತ್ತವೆ.

ಕರಗದೇ ಉಳಿಯುವುದು ಒಂದೇ: ಸುತ್ತಲೂ ಸಮಾನವಾಗಿರುವ ವಸ್ತು. ನಮ್ಮ ಪಟ್ಟಣಗಳ ಬಹುಪಾಲು ಮರಗಳಲ್ಲಿ ಅದು ಬುಡದ ಸಿಮೆಂಟು. ಇಪ್ಪತ್ತೈದು ಚಿತ್ರ ಹೊದಿಸಿದಾಗಲೂ ಬುಡವನ್ನು ಬಿಗಿದ ಆ ಬೂದುಬಣ್ಣದ ಉಂಗುರ ಹಾಗೆಯೇ ಎದ್ದು ಕಾಣುತ್ತದೆ. ಇದರ ಕುರಿತು ಸ್ವಲ್ಪ ಹೆಚ್ಚೇ ಮಾತನಾಡುತ್ತೇನೆ, ಏಕೆಂದರೆ ಉದ್ಯಾನಗಳಲ್ಲಿ ನಾನು ಕಂಡಿರುವ ಅತಿ ದೊಡ್ಡ ಹಾನಿ ಇದೇ. ಕೊಡಲಿಯ ಹಾನಿ ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ. ಸುಂದರೀಕರಣವೆಂಬ ಹೆಸರಿನಲ್ಲಿ ಕಾಂಡಕ್ಕೆ ಒತ್ತಿದಂತೆ ಕಟ್ಟೆ, ಕಟ್ಟೆಯ ಸುತ್ತ ಹಾಸುಬಿಲ್ಲೆ, ಬಿಲ್ಲೆಯ ಕೆಳಗೆ ಒತ್ತಿ ಗಟ್ಟಿಮಾಡಿದ ಜಲ್ಲಿ. ನೀರು, ಪೋಷಕಾಂಶಗಳನ್ನು ಹೀರುವ ಸೂಕ್ಷ್ಮ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ ಇರುತ್ತವೆ ಮತ್ತು ರೆಂಬೆಗಳ ನೆರಳಿನಾಚೆಗೂ ಹರಡಿರುತ್ತವೆ. ಬೇರಿಗೂ ಉಸಿರಾಟವುಂಟು, ಮಣ್ಣಿನ ರಂಧ್ರಗಳಲ್ಲಿ ಆಮ್ಲಜನಕ ಇಲ್ಲವಾದರೆ ಅದು ಕೊಳೆಯುತ್ತದೆ. ಒಂದು ಪಕ್ಕದಲ್ಲಿ ಚರಂಡಿಗಾಗಿ ಬೇರು ಕಡಿದು, ಉಳಿದ ಮೂರು ಪಕ್ಕಗಳಲ್ಲಿ ಬಿಲ್ಲೆ ಹಾಸಿದ ಮರ ಕೆಲವು ವರ್ಷ ಹಸಿರಾಗಿಯೇ ಕಾಣುತ್ತದೆ. ಒಂದು ಮೇ ತಿಂಗಳಿನ ಗುಡುಗು ಮಳೆಗೆ ಬುಡಸಮೇತ ಮಲಗುತ್ತದೆ. ಮರುದಿನ, ಹಳೆಯ ಮರ, ಬಿದ್ದಿತು, ಉಳಿದವೂ ಅಪಾಯಕಾರಿ ಎಂಬ ಮಾತು ಹುಟ್ಟುತ್ತದೆ; ಪಕ್ಕದ ನಾಲ್ಕು ಆರೋಗ್ಯವಂತ ಮರಗಳಿಗೂ ಗುರುತು ಬೀಳುತ್ತದೆ. ಬಿದ್ದ ಮರದ ಬುಡ ಐದು ವರ್ಷಗಳ ಹಿಂದೆ ಹೇಗಿತ್ತೆಂಬ ಒಂದು ಚಿತ್ರ ಯಾರ ಬಳಿಯಲ್ಲಾದರೂ ಇದ್ದಿದ್ದರೆ ಮಾತಿನ ದಿಕ್ಕೇ ಬೇರೆಯಾಗುತ್ತಿತ್ತು. ಆದ್ದರಿಂದ ನನ್ನದೊಂದು ಒತ್ತಾಯದ ವಿನಂತಿ: ಮರದ ಹೂವನ್ನು ತೆಗೆದಷ್ಟೇ ಶ್ರದ್ಧೆಯಿಂದ ಬುಡವನ್ನೂ ತೆಗೆಯಿರಿ. ಅಲ್ಲಿಯೂ ಕಲೆಗೆ ಅವಕಾಶವಿದೆ. ಬಿಲ್ಲೆಯನ್ನು ಎತ್ತಿ ಒಡೆದು ಹೊರಬಂದ ಆಲದ ಬೇರಿಗಿಂತ ಒಳ್ಳೆಯ ವಸ್ತುವನ್ನು ಯಾವ ಕಲಾವಿದ ಹುಡುಕಿಯಾನು?

ಹುಬ್ಬಳ್ಳಿ-ಧಾರವಾಡ ರಸ್ತೆಯನ್ನು ನೆನಪಿಸಿಕೊಳ್ಳಿ. ತ್ವರಿತ ಬಸ್ ಸಾರಿಗೆಯ ಪಥಕ್ಕಾಗಿ ಅದನ್ನು ಅಗಲಗೊಳಿಸಿದಾಗ ಎರಡೂ ಬದಿಯ ಹಳೆಯ ಮರಗಳು ಹೋದವು. 2018ರಿಂದ ಅಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದವು. ಬಸ್ಸು ಬೇಡವೆಂದು ನಾನು ಹೇಳುವುದಿಲ್ಲ, ಅದರಲ್ಲಿಯೇ ನಾನೂ ಓಡಾಡುತ್ತೇನೆ. ಆ ಮರಗಳು ಯಾವುವು, ಎಲ್ಲೆಲ್ಲಿದ್ದವು, ಎಷ್ಟು ದಪ್ಪವಿದ್ದವು ಎಂದು ಇಂದು ಕೇಳುವ ವಿದ್ಯಾರ್ಥಿಗೆ ನಮ್ಮಲ್ಲಿ ತೋರಿಸಲು ಏನಿದೆ? ಮದುವೆಯ ದಿಬ್ಬಣದ ಚಿತ್ರಗಳ ಹಿನ್ನೆಲೆಯಲ್ಲಿ ಮಸುಕಾಗಿ ನಿಂತ ಕೆಲವು ಕಾಂಡಗಳು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರಗಳ ಗಣತಿ ನಡೆಸುವುದು ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲೊಂದು. ಕಡಿಯುವುದಕ್ಕೆ ಆಕ್ಷೇಪ ಸಲ್ಲಿಸುವವನ ಕೈಯಲ್ಲಿ ದಿನಾಂಕ ಸಹಿತ ಚಿತ್ರವಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಹಸಿರೆಲ್ಲ ಒಂದೇ ಅಲ್ಲ ಎಂಬುದಕ್ಕೂ ಚಿತ್ರ ಬೇಕು. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಎಲೆ ಬಹುವಾಗಿ ಪ್ರತಿಫಲಿಸುತ್ತದೆ. ಅಂಥ ಫಿಲ್ಮಿನಲ್ಲಿ ಮರ ಹಿಮ ಕವಿದಂತೆ ಬೆಳ್ಳಗೆ ಕಾಣುವುದನ್ನು ರಾಬರ್ಟ್ ವುಡ್ 1910ರಲ್ಲಿಯೇ ತೋರಿಸಿದ್ದ. 1988ರಲ್ಲಿ ಹಾರಿಸಿದ ನಮ್ಮ ಐಆರ್‌ಎಸ್-1ಎ ಉಪಗ್ರಹ ನೆಲದ ಹಸಿರನ್ನು ಗುರುತಿಸಿದ್ದು ಇದೇ ತತ್ವದಿಂದ. ಆದರೆ ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ರಷ್ಟಾದರೂ ಮರದ ಚಾವಣಿಯಿರುವ ಯಾವುದೇ ನೆಲ, ಅದರಲ್ಲಿರುವ ಜಾತಿ ಯಾವುದೇ ಆಗಿರಲಿ, ಅರಣ್ಯ ಹೊದಿಕೆಯೇ. ನೀಲಗಿರಿಯ ನೆಡುತೋಪೂ ಹಾಲಕ್ಕಿ ಕೂಗುವ ಮಿಶ್ರ ಕಾಡೂ ಆ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ. ಅಂದು ಧಾರವಾಡ ಜಿಲ್ಲೆಯಲ್ಲಿದ್ದ, ಇಂದು ಹಾವೇರಿಗೆ ಸೇರಿರುವ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟ ಸತ್ಯಾಗ್ರಹ ಈ ವ್ಯತ್ಯಾಸದ ಸಲುವಾಗಿಯೇ ನಡೆದದ್ದು. ಮೇಲಿನಿಂದ ತೆಗೆದ ಚಿತ್ರ ಹೇಳಲಾರದ್ದನ್ನು ನೆಲದಲ್ಲಿ ನಿಂತು ತೆಗೆದ ಚಿತ್ರ ಹೇಳುತ್ತದೆ: ಮರದಡಿಯಲ್ಲಿ ಸಸಿಗಳಿವೆಯೇ, ತರಗೆಲೆ ಕೊಳೆಯುತ್ತಿದೆಯೇ, ಜೇಡ ಬಲೆ ಕಟ್ಟಿದೆಯೇ.

ಕನ್ನಡ ನಾಡಿನಲ್ಲಿ ಪ್ರಕೃತಿ ಛಾಯಾಗ್ರಹಣದ ದೊಡ್ಡ ಪರಂಪರೆಯೇ ಇದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಇವರ ಗಮನ ಬಹುಮಟ್ಟಿಗೆ ಹಕ್ಕಿ ಮತ್ತು ಮೃಗಗಳ ಮೇಲಿತ್ತು. ಮರ ಓಡಿಹೋಗುವುದಿಲ್ಲ ಎಂಬ ಕಾರಣಕ್ಕೋ ಏನೋ, ಅದನ್ನೇ ಮುಖ್ಯವಾಗಿಟ್ಟುಕೊಂಡವರು ವಿರಳ. ಆ ಜಾಗ ನಿಮಗಾಗಿ ಖಾಲಿಯಿದೆ. ಚಿತ್ರಕ್ಕಾಗಿ ರೆಂಬೆ ಮುರಿಯುವುದು, ಗೂಡಿನ ಮರೆ ಸರಿಸುವುದು, ಹೂವಿಗೆ ನೀರು ಚಿಮುಕಿಸಿ ಇಬ್ಬನಿಯೆನ್ನುವುದು, ಇವು ಬೇಡ. ಇಲ್ಲದ ಮರವನ್ನು ಗಣಕವೇ ಸೃಷ್ಟಿಸಿಕೊಡುವ ಕಾಲವಿದು. ಪ್ರಯೋಗಕ್ಕಾಗಿ ಎಷ್ಟು ಬೇಕಾದರೂ ಕಲೆಸಿ, ಹೊದಿಸಿ, ಬಣ್ಣ ಬದಲಿಸಿ. ಮೂಲಚಿತ್ರವನ್ನು ಮಾತ್ರ ಮುಟ್ಟದೆ ಬೇರೆ ಇಡಿ.

ಕೊನೆಯದಾಗಿ ಒಂದು ವರ್ಷದ ಕೆಲಸ. ಪ್ರತಿಯೊಬ್ಬರೂ ಒಂದೊಂದು ಮರವನ್ನು ಆರಿಸಿಕೊಳ್ಳಿ. ಉದ್ಯಾನದ್ದಾಗಲಿ, ಸಾಧನಕೇರಿಯ ದಂಡೆಯದ್ದಾಗಲಿ, ಮನೆಯ ಹಿತ್ತಲಿನದ್ದಾಗಲಿ. ಯುಗಾದಿಯ ಮುಂಚಿನ ಅಮಾವಾಸ್ಯೆಯಿಂದ ಆರಂಭಿಸಿ ಪ್ರತಿ ಅಮಾವಾಸ್ಯೆಯಂದು ಮೂರು ಚಿತ್ರ: ಒಂದು ನೇರ ಮೇಲಕ್ಕೆ, ಒಂದು ಬುಡಕ್ಕೆ, ಇನ್ನೊಂದು ನಿಮ್ಮ ಮನಸ್ಸಿಗೆ ಬಂದ ಆಟ. ಅಮಾವಾಸ್ಯೆಯೇ ಏಕೆಂದರೆ ಹಳ್ಳಿಯಲ್ಲಿ ಅದನ್ನು ಯಾರೂ ಮರೆಯುವುದಿಲ್ಲ; ಅಧಿಕಮಾಸ ಬಂದ ವರ್ಷ ಒಂದು ಚಿತ್ರ ಹೆಚ್ಚು ಸಿಕ್ಕೀತು. ನಿಂತ ಜಾಗಕ್ಕೊಂದು ಕಲ್ಲು ಹೂತಿಡಿ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಕಾಂಡದ ಸುತ್ತಳತೆಯನ್ನು ವರ್ಷಕ್ಕೊಮ್ಮೆ ದಾರದಿಂದ ಅಳೆಯಿರಿ. ಚಿತ್ರಗಳನ್ನು ಮುದ್ರಿಸಿ, ಹಿಂಬದಿಯಲ್ಲಿ ದಿನಾಂಕ, ಜಾಗ, ಮರದ ಹೆಸರು ಬರೆಯಿರಿ. ಪೆನ್ಸಿಲಿನಿಂದ ಬರೆಯಿರಿ, ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಶಾಯಿ ಹರಡಿಹೋಗುತ್ತದೆ.